ತಾಯಿಯ ಕಡೆಯಲ್ಲಿ ಯಾರಿಗಾದರೂ

ಎಂಬತ್ತೊಂದನೆಯ ಇಸವಿಯ ಮಾತು. ಆಗ ನನಗೆ ನಲವತ್ತೆಂಟು. ಮಣ್ಣಗುಡ್ಡದ ಮನೆಯಲ್ಲಿ ಬೆಳಿಗ್ಗೆ ಹಾಲಿನ ಪಾತ್ರೆ ಎತ್ತಿದರೆ ಒಲೆಯ ಮೇಲೆ ಇಡುವಷ್ಟರಲ್ಲಿ ಕೈ ನಡುಗುತ್ತಿತ್ತು. ಶಾಲೆಯಲ್ಲಿ ಪಾಠದ ನಡುವೆ ಮಾತು ನಿಂತುಹೋಗುತ್ತಿತ್ತು. ಎಂಟು ತಿಂಗಳಿಂದ ಹೀಗೇ. ಬಾವಿಕಟ್ಟೆಯ ಹತ್ತಿರ ಹೋಗಲು ನನಗೆ ನನ್ನದೇ ಭಯ, ಹೋಗುವುದನ್ನು ಬಿಟ್ಟಿದ್ದೆ.

ಇದನ್ನು ಗಮನಿಸಿದವಳು ಪಕ್ಕದ ಮನೆಯ ಎವ್ಲಿನ್ ಒಬ್ಬಳೇ. ಏನೂ ಕೇಳದೆ ನಮಗೂ ನೀರು ಸೇದಿ ತಂದಿಡುತ್ತಿದ್ದಳು. ಒಂದು ದಿನ ಹೇಳಿದಳು:

"ಕುಶಲಕ್ಕ, ಮಂಡೆಗೂ ಡಾಕ್ಟರ್ ಇದ್ದಾರೆ. ನನ್ನ ಅಣ್ಣನಿಗೆ ಮಾತ್ರೆಯಲ್ಲಿ ಗುಣ ಆಗಿದೆ. ಈಗ ನನ್ನ ಹತ್ರ ಜಗಳ ಮಾಡುವಷ್ಟು ಹುಷಾರಿದ್ದಾನೆ ಮಾರಾಯ್ತಿ!"

ನನ್ನ ಗಂಡ ತಾರಾನಾಥ ಕೆಟ್ಟವರಲ್ಲ. "ಮಗಳು ಆಶಾಲತಾಳ ಸಂಬಂಧ ಒಂದು ಗಟ್ಟಿಯಾಗಲಿ. ಮತ್ತೆ ಡಾಕ್ಟರ ಹತ್ರ ಹೋಗುವ," ಎಂದರು. ನಮ್ಮಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ಹುಡುಗಿ ನೋಡಲು ಬಂದವರು ಅಪ್ಪನ ಹೋಟೆಲಿಗಿಂತ ಅಮ್ಮನ ಕುಟುಂಬವನ್ನೇ ಹೆಚ್ಚು ವಿಚಾರಿಸುತ್ತಾರೆ. ನನ್ನ ತಾಯಿಯ ತಂಗಿ ಸುಂದರಿ ಹತ್ತು ವರ್ಷ ಒಂದೇ ಕೋಣೆಯಲ್ಲಿ ಗೋಡೆ ನೋಡುತ್ತ ಕಳೆದವಳು. ಆ ತಿಂಗಳು ಮೂರು ಕಡೆಯವರು ಬಂದಿದ್ದರು. ಮೂರು ಕಡೆಯವರೂ ಕೇಳಿದ್ದು ಒಂದೇ: "ತಾಯಿ ಕಡೆಯಲ್ಲಿ ಯಾರಿಗಾದ್ರೂ ಎಂತಾದ್ರೂ ಕಾಯಿಲೆ ಉಂಟಾ?" ಪ್ರತಿ ಸಲವೂ ನಾನು ಕಾಫಿ ಕೊಡುತ್ತ, ನಗುತ್ತ, "ಇಲ್ಲ, ದೇವರ ದಯೆ" ಎಂದಿದ್ದೆ.

ಆದರೂ ಒಂದು ಗುರುವಾರ ಮನೆಯಲ್ಲಿ ಹೇಳದೆ ಹೋದೆ. ಎವ್ಲಿನ್ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು. ಪರಿಚಯದವರು ಕಂಡಾರೆಂದು ಆಸ್ಪತ್ರೆಯ ಬೆಂಚಿನಲ್ಲಿ ನನ್ನನ್ನು ಗೋಡೆಯ ಕಡೆ ಕೂರಿಸಿ, ತಾನು ಮರೆಯಾಗಿ ಕುಳಿತಳು.

ಡಾಕ್ಟರು ಸಣ್ಣ ಪ್ರಾಯದವರು. ನಾನು ಕುಳಿತುಕೊಳ್ಳುವವರೆಗೆ ನಿಂತೇ ಇದ್ದರು. ನಿದ್ದೆ, ಊಟ, ಕೈನಡುಕ, ಎಲ್ಲ ನಿಜ ಹೇಳಿದೆ. ಅವರು ಬರೆಯುತ್ತ ಕೇಳಿದರು:

"ತಾಯಿ ಕಡೆಯಲ್ಲಿ ಯಾರಿಗಾದ್ರೂ ಇಂಥ ಕಾಯಿಲೆ ಉಂಟಾ ಅಮ್ಮ?"

"ಇಲ್ಲ, ದೇವರ ದಯೆ," ಎಂದೆ. ನಗುತ್ತಲೇ ಎಂದೆ.

ಅವರು ತಲೆಯೆತ್ತಿದರು. "ಜೀವ ಬೇಡ ಅಂತ ಅನಿಸ್ತದಾ?"

ಮೊದಲಿನ ಉತ್ತರದ ಬೆನ್ನಿಗೇ ಇದೂ ಹೊರಬಿತ್ತು. "ಛೆ, ಇಲ್ಲ. ಮಗಳ ಮದುವೆಯದ್ದು ತಲೆಬಿಸಿ, ಅಷ್ಟೇ."

"ಹಾಗಾದ್ರೆ ಈಗಲೇ ಮಾತ್ರೆ ಬೇಡ. ಮದುವೆ ಮುಗಿಯಲಿ. ಮತ್ತೂ ಹೀಗೇ ಇದ್ರೆ ಬನ್ನಿ."

ಅವರು ಪೆನ್ನನ್ನು ಇನ್ನೂ ಮುಚ್ಚಿರಲಿಲ್ಲ. ಸುಂದರಿಯ ಹೆಸರು ಹೇಳಲು ಸಮಯವಿತ್ತು. ನಾನು ಕೈಮುಗಿದು ಎದ್ದೆ.

ಹೊರಗೆ ಎವ್ಲಿನ್ ದಡಕ್ಕನೆ ಎದ್ದು ನಿಂತಳು. "ಎಂತ ಹೇಳಿದ್ರು?"

"ಮಾತ್ರೆ ಬೇಡವಂತೆ. ಎಂತ ಇಲ್ಲವಂತೆ."

ಅವಳು ಶಿಲುಬೆಯ ಗುರುತು ಹಾಕಿಕೊಂಡಳು. ಕಣ್ಣು ತುಂಬಿತ್ತು. "ನಾನು ಸುಮ್ಮನೆ ನಿಮ್ಮನ್ನು ಹೆದರಿಸಿದೆ ಅಕ್ಕ. ಬೇಜಾರು ಮಾಡ್ಬೇಡಿ," ಎಂದು ಕೈಹಿಡಿದು ರಸ್ತೆ ದಾಟಿಸಿದಳು.

ಅಷ್ಟು ಸಂತೋಷಪಟ್ಟವಳಿಗೆ ನಿಜ ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಇನ್ನೊಂದು ಸಲ ಕರೆದುಕೊಂಡು ಹೋಗು ಎಂದು ಕೇಳಲು ನನಗೆ ಬೇರೆ ಯಾರೂ ಇರಲಿಲ್ಲ.