ಗುಳಿಗೆ ಬಿಟ್ಟು ಪುಡಿ ಹಿಡಿದ ಅಮೀನಸಾಬರು

ಹೊಟ್ಟೆ ಕೆಟ್ಟರೆ ನಮ್ಮ ಕಡೆ ವೈದ್ಯರಿಗೆ ಬರವಿಲ್ಲ. ಚಹಾದ ಅಂಗಡಿಯಲ್ಲಿ ಕುಳಿತವರೆಲ್ಲ ವೈದ್ಯರೇ. ಒಬ್ಬರು ಉಷ್ಣ ಅನ್ನುತ್ತಾರೆ, ಇನ್ನೊಬ್ಬರು ದೃಷ್ಟಿ ಅನ್ನುತ್ತಾರೆ, ಮಲದಲ್ಲಿ ರಕ್ತ ಕಂಡಿತೆಂದರೆ ಎಲ್ಲರೂ ಸೇರಿ ಮೂಲವ್ಯಾಧಿ ಎಂದು ತೀರ್ಪು ಕೊಡುತ್ತಾರೆ. ಮೇಲವಂಕಿಯ ಅಮೀನಸಾಬರು ಈ ತೀರ್ಪನ್ನು ನಂಬಿ, ತಮಗೆ ರಕ್ತ ಹೋಗುವುದನ್ನು ನಾಚಿಕೆಯಿಂದ ಯಾರಿಗೂ ಹೇಳದೆ ಒಂದು ವರ್ಷ ಸುಮ್ಮನಿದ್ದರು.

ಅಮೀನಸಾಬರದು ಬೆಲ್ಲ ಕಾಯಿಸುವ ಕಸುಬು. ರಾಯಪ್ಪನವರ ಗಾಣದಲ್ಲಿ ಇಪ್ಪತ್ತು ವರ್ಷದಿಂದ ಕೊಪ್ಪರಿಗೆಯ ಮುಂದೆ ನಿಲ್ಲುವವರು ಅವರೇ. ಪಾಕ ಹದಕ್ಕೆ ಬರುವ ಹೊತ್ತಿಗೆ ಕಾಯಿಸುವವನು ಅತ್ತಿತ್ತ ಸರಿಯುವಂತಿಲ್ಲ, ಸರಿದರೆ ಇಡೀ ಕೊಪ್ಪರಿಗೆ ಹಾಳು. ಅಂಥವರು ದಿನಕ್ಕೆ ಹತ್ತು ಸಲ ತಂಬಿಗೆ ಹಿಡಿದು ಓಡುವಂತಾಯಿತು. ಮೈ ಇಳಿಯಿತು. ಕೊನೆಗೆ ಹೆಂಡತಿ ಶಹನಾಜಬಿ ಹಟ ಹಿಡಿದು ಬೆಳಗಾವಿಗೆ ಕರೆದೊಯ್ದರು. ಡಾಕ್ಟರು ಕ್ಯಾಮೆರಾ ಹಾಕಿ ನೋಡಿ, ಇದು ಮೂಲವ್ಯಾಧಿಯಲ್ಲ, ದೊಡ್ಡ ಕರುಳಿನ ಉರಿಯೂತ, ಒಳಗೆ ಹುಣ್ಣಾಗಿದೆ ಎಂದರು. ದಿನವೂ ನುಂಗಲು ಗುಳಿಗೆ ಬರೆದುಕೊಟ್ಟು, ಚೆನ್ನಾಯಿತೆಂದು ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ ಎಂದೂ ಹೇಳಿದರು.

ನಾಲ್ಕು ತಿಂಗಳಲ್ಲಿ ರಕ್ತ ನಿಂತಿತು, ರೊಟ್ಟಿ ರುಚಿಸಿತು. ನೋವು ಹೋದ ಮರುದಿನವೇ ಮನುಷ್ಯನಿಗೆ ಅತಿ ಜಾಣತನ ಬರುತ್ತದೆ. ಅಮೀನಸಾಬರಿಗೂ ಬಂತು.

ಮೂಡಲಗಿಯ ಸಂತೆಯಲ್ಲಿ ಒಬ್ಬ ಗಾಡಿಗೆ ಮೈಕು ಕಟ್ಟಿಕೊಂಡು ಹೊಟ್ಟೆ ಶುದ್ಧಿ ಮಾಡುವ ಪುಡಿ ಮಾರುತ್ತಿದ್ದ. ಎಲ್ಲವೂ ಗಿಡಮೂಲಿಕೆ, ಅಡ್ಡ ಪರಿಣಾಮ ಇಲ್ಲವೇ ಇಲ್ಲ ಎಂದು ಕೂಗುತ್ತಿದ್ದ. ಬೇರೆಯವರಾಗಿದ್ದರೆ ಮುಂದೆ ಹೋಗುತ್ತಿದ್ದರೋ ಏನೋ. ಅಮೀನಸಾಬರು ನಿಂತರು, ಏಕೆಂದರೆ ಅವರ ಕಸುಬೇ ಹಾಗೆ ಕಲಿಸಿತ್ತು. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ಹಾಕಿದರೆ ಹೊಲಸೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಗಿಡದ ಲೋಳೆ ಕಬ್ಬಿನ ಹಾಲನ್ನು ಶುದ್ಧ ಮಾಡುವುದಾದರೆ ಗಿಡದ ಪುಡಿ ಕರುಳನ್ನು ಮಾಡದೇ ಎಂದು ಅವರು ಲೆಕ್ಕ ಹಾಕಿದರು. ಗುಳಿಗೆಗಳು ಗೋಡೆಯ ಗೂಡು ಸೇರಿದವು. ಶಹನಾಜಬಿಗೂ ಹೇಳಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ರಕ್ತ ಮರಳಿತು, ಮೊದಲಿಗಿಂತ ಜೋರಾಗಿ. ಹೊಲಸು ಹೊರಗೆ ಬೀಳುತ್ತಿದೆ ಎಂದುಕೊಂಡು ಪುಣ್ಯಾತ್ಮರು ಇನ್ನೊಂದು ಚಮಚ ಹೆಚ್ಚಿಗೆ ನುಂಗಿದರು! ಗಾಣದ ಹಂಗಾಮಿಗೆ ಎರಡೇ ತಿಂಗಳು ಉಳಿದಿತ್ತು. ಈ ಸಲ ಬೆಲ್ಲ ಕಾಯಿಸಲು ನಾಗನೂರಿನ ಕೇದಾರಿಯನ್ನು ಕರೆಸಲೇ ಎಂದು ರಾಯಪ್ಪನವರು ಕೇಳಿಕಳಿಸಿದರು. ಅಮೀನಸಾಬರು ಗೋಡೆಗೆ ಮುಖ ಮಾಡಿ ಮಲಗಿ ಅತ್ತರು.

ಶಹನಾಜಬಿ ಕರೆದದ್ದಕ್ಕೆ ಆಶಾ ಕಾರ್ಯಕರ್ತೆ ನಾಗರತ್ನಾ ಬಂದಳು. ಕುರಿ ಸಾಕುವವರ ಮನೆಯ ಸೊಸೆ, ಮಾತು ಒರಟು, ಮನಸ್ಸು ಮೆತ್ತಗೆ. ಗೂಡಿನಲ್ಲಿ ಹಾಗೇ ಉಳಿದ ಗುಳಿಗೆ ನೋಡಿದಳು, ಪಕ್ಕದ ಡಬ್ಬಿ ತಿರುಗಿಸಿ ಓದಿದಳು. ಅರಿಶಿನ, ಲೋಳೆಸರ, ಸೋನಾಮುಖಿ ಎಲೆ ಎಂದು ಬರೆದಿತ್ತು.

“ಬರೇ ಗಿಡದ್ದು ಅದು. ಅದರಾಗ ಏನ್ ಕೆಡಕ ಐತಿ?” ಅಂದರು ಅಮೀನಸಾಬರು.

“ಕಾಕಾ, ಸೋನಾಮುಖಿ ಭೇದಿ ಮಾಡಸೂ ಎಲಿ ರಿ. ಹುಣ್ಣಾದ ಕರುಳಿಗೆ ಅದನ್ನ ದಿನಾ ಹಾಕಾಕತ್ತೀರಿ. ಒಂದ್ ಮಾತ್ ಕೇಳ್ತೇನಿ. ಬೆಂಡಿ ಲೋಳಿ ಹಾಕಿ, ಒಲಿ ಆರಿಸಿಬಿಟ್ರ ಬೆಲ್ಲ ಆಗತೈತೇನ್ರಿ?”

“ಹೆಂಗ ಆಗತೈತಿ? ಬೆಂಕಿ ಬೇಕಲ್ಲ.”

“ನಿಮ್ಮ ಗುಳಿಗೀನ ರೀ ಆ ಬೆಂಕಿ. ಅದನ್ನ ಆರಿಸಿ ಕುಂತೀರಿ.”

ಅಮೀನಸಾಬರು ಗುಳಿಗೆಗಳನ್ನು ಕೈಗೆ ತೆಗೆದುಕೊಂಡು ಎಣಿಸಿದರು. ಆಮೇಲೆ ಡಾಕ್ಟರು ಬೈಯುತ್ತಾರೆ ಎಂದು ಮೆಲ್ಲಗೆ ಅಂದರು.

“ಬೈಲಿ. ಬೈಸ್ಕೊಂಡ ಬರೂಣು. ಆ ಡಬ್ಬಿನೂ ತಗೊಂಡ ನಡೀರಿ.”

ಡಾಕ್ಟರು ಬೈದರು, ಸ್ವಲ್ಪ. ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ಮತ್ತೆ ಶುರು ಮಾಡಿಸಿ, ಕೆಲವು ವಾರಕ್ಕೆಂದು ಇನ್ನೊಂದು ಔಷಧ ಸೇರಿಸಿದರು. ಪುಡಿ ನಿಲ್ಲಿಸಿದರು. ಗಿಡಮೂಲಿಕೆಯ ಮೇಲೆ ತಮಗೇನೂ ಹಗೆಯಿಲ್ಲ ಎಂದೂ ಹೇಳಿದರು. ಅಡುಗೆಯ ಅರಿಶಿನ ಇರಲಿ. ಅರಿಶಿನದ ಸತ್ವದ ಮಾತ್ರೆ ಕೆಲವು ರೋಗಿಗಳಿಗೆ ಗುಳಿಗೆಯ ಜೊತೆಗೆ ಸ್ವಲ್ಪ ನೆರವಾಗಬಹುದು, ಗುಳಿಗೆಯ ಬದಲಿಗೆ ಮಾತ್ರ ಅಲ್ಲ. ನೀರಿನಲ್ಲಿ ಕಲಸಿ ಕುಡಿಯುವ ಇಸಬಗೋಲು ಕೆಲವರಿಗೆ ಒಗ್ಗುತ್ತದೆ, ಆದರೆ ಕರುಳು ಕೆರಳಿದಾಗ ಕೇಳದೆ ತೆಗೆದುಕೊಳ್ಳಬಾರದು. ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ಕರುಳು ನೋಡಿದವರು ಹೇಳಬೇಕು, ಮೈಕು ಹಿಡಿದವರಲ್ಲ.

ಆ ದಿನದಿಂದ ಶಹನಾಜಬಿ ಗುಳಿಗೆಯನ್ನು ರೊಟ್ಟಿಯ ತಾಟಿನಲ್ಲೇ ಇಟ್ಟರು. ಗುಳಿಗೆ ನುಂಗದಿದ್ದರೆ ಪಲ್ಯ ಇಲ್ಲ.

ಹಂಗಾಮು ಬರುವ ಹೊತ್ತಿಗೆ ರಕ್ತ ನಿಂತಿತ್ತು. ಕೇದಾರಿಯನ್ನು ಕರೆಸುವ ಮಾತು ಬಿದ್ದುಹೋಗಿತ್ತು, ಆದರೂ ಎಲ್ಲರ ಕಣ್ಣು ಅಮೀನಸಾಬರ ಮೇಲೆ. ಕೊಪ್ಪರಿಗೆ ಕುದಿಯಿತು. ಒಂದು ತಾಸು ಆಯಿತು, ಎರಡಾಯಿತು, ಮೂರು ಹತ್ತಿರ ಬಂತು. ಅವರು ಒಮ್ಮೆಯೂ ಕದಲಲಿಲ್ಲ. ಪಾಕದ ಹನಿ ನೀರಿಗೆ ಬಿಟ್ಟು ಬೆರಳಿನಿಂದ ಒತ್ತಿ ನೋಡಿ, ಇಳಿಸಿರಿ ಎಂದು ಕೂಗಿದರು. ಏನು ಬೆಲ್ಲ ಅದು, ಹೊಂಬಣ್ಣದ ಬೆಲ್ಲ! ರಾಯಪ್ಪನವರು ಮೊದಲ ತುಂಡನ್ನು ಅವರ ಅಂಗೈಗೇ ಇಟ್ಟರು. ಶಹನಾಜಬಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅಮೀನಸಾಬರು ಅಲ್ಲಿಗೇ ನಿಲ್ಲಲಿಲ್ಲ. ಗಾಣದಲ್ಲಿ ನೆರೆದ ಮಂದಿಯ ಎದುರು ಗಟ್ಟಿಯಾಗಿ ಹೇಳಿದರು. “ನನಗ ಇದ್ದದ್ದು ಮೂಲವ್ಯಾಧಿ ಅಲ್ಲ, ಕರುಳಿನ ಹುಣ್ಣು. ರಕ್ತ ಹೋಗ್ತಿತ್ತು. ನಾಚಿಕಿಗೆ ಮುಚ್ಚಿಟ್ಟೆ, ಸಾಯಾಕ ಬಂದಿದ್ದೆ. ಈಗ ಗುಳಿಗಿ ತಗೊಂಡ ನಿಂತೇನಿ, ನೋಡ್ರಿ.”

ಯಾರೂ ನಗಲಿಲ್ಲ. ಕಬ್ಬಿನ ಹೊರೆ ಇಳಿಸಿದ ಫಕೀರವ್ವ ನಾಗರತ್ನಾಳನ್ನು ಬದಿಗೆ ಕರೆದು, ತನಗೂ ಆರು ತಿಂಗಳಿಂದ ಹಾಗೇ ಆಗುತ್ತಿದೆ, ಯಾವ ಡಾಕ್ಟರ ಹತ್ತಿರ ಹೋಗಬೇಕು ಎಂದು ಕೇಳಿದಳು. ಮರುದಿನವೇ ಇಬ್ಬರೂ ಬಸ್ಸು ಹತ್ತಿದರು.

ಅಕ್ಕಂದಿರೇ, ಅಣ್ಣಂದಿರೇ, ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಇಳಿಯುವ ಮೈ, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗಿ. ಜೊತೆಗೆ ಜ್ವರ ಬಂದರೆ, ಇಲ್ಲವೇ ರಕ್ತ ಬಹಳ ಹೋದರೆ ಆ ದಿನವೇ ಹೋಗಿ. ಬರೆದುಕೊಟ್ಟ ಗುಳಿಗೆಯನ್ನು ಕೇಳದೆ ಬಿಡಬೇಡಿ. ಪುಡಿ, ಕಷಾಯ, ರಸ ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ತೋರಿಸಿ. ಹೇಳಿಕೊಳ್ಳಲು ನಾಚಿಕೆಯೇ? ಊರ ಮಂದಿಯ ಎದುರು ಅಮೀನಸಾಬರು ಹೇಳಿದ್ದಾಯಿತು. ಇನ್ನು ನಿಮ್ಮ ಸರದಿ.