ವಾಸಕಾಲು ನಿಲ್ಲದ ಮನೆ

ನನ್ನ ಗಂಡನ ಹೆಸರು ನಾನು ಹೇಳಬಾರದು, ಮೇಷ್ಟ್ರು ಎಂದರೆ ಸಾಕು. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವವರಿಗೆ ತಾಯಿಯ ಮುಂದೆ ಮಾತ್ರ ಬಾಯಿಗೆ ಬೀಗ. ಅದಕ್ಕೇ ಇವತ್ತಿಗೂ ನಾವು ಭಾವನ ಮನೆಯ ಹಿಂದಿನ ಕೋಣೆಯಲ್ಲಿದ್ದೇವೆ. ಒಂದು ಲೋಟ ನೀರು ಕಾಯಿಸಬೇಕಾದರೂ ವಾರಗಿತ್ತಿಯ ಮುಖ ನೋಡಬೇಕು.

ಸಾವಿರದ ಒಂಬೈನೂರ ಮೂವತ್ತೇಳರ ಶ್ರಾವಣದಲ್ಲಿ, ರಸ್ತೆ ಪಕ್ಕದ ನಮ್ಮ ನಿವೇಶನದಲ್ಲಿ ಮನೆ ಕಟ್ಟಲು ಪುರಸಭೆಯ ಪರವಾನಗಿ ಸಿಕ್ಕಿತು. ಅವಧಿ ಒಂದು ವರ್ಷ. ಮುಗಿಯುವ ಮೊದಲೇ ಅರ್ಜಿ ಕೊಟ್ಟರೆ ಇನ್ನೊಂದು ವರ್ಷ. ಮಾಘದ ಹೊತ್ತಿಗೆ ಪಾಯ ಮೇಲೆ ಬಂತು. ಬಡಗಿ ಮುನಿಕೃಷ್ಣಪ್ಪ ತಲೆಬಾಗಿಲ ಮರದ ಚೌಕಟ್ಟು, ವಾಸಕಾಲು, ತಂದಿಳಿಸಿದ. ಅದಕ್ಕೆ ಅರಿಸಿನ ಕುಂಕುಮ ಹಚ್ಚುವ ದಿನ ಎಣಿಸುತ್ತಿದ್ದೆ. ಅಷ್ಟರಲ್ಲಿ ನಾನು ಮೂರು ತಿಂಗಳ ಬಸುರಿ ಎಂದು ಗೊತ್ತಾಯಿತು.

ಅತ್ತೆ ಕೆಲಸ ನಿಲ್ಲಿಸಿಬಿಟ್ಟರು. "ಬಸುರಿ ಇರೋ ಮನೇಲಿ ವಾಸಕಾಲು ನಿಲ್ಲಿಸ್ತಾರೇನೋ? ಹೆರಿಗೆ ಆಗ್ಲಿ."

ಆಗಲಿ. ಹೊಟ್ಟೆಯಲ್ಲಿದ್ದದ್ದು ನನ್ನ ಮಗು, ನನಗೂ ಭಯವಿತ್ತು. ಆದರೆ ಕಾಗದಕ್ಕೇನು ಬಸುರೇ, ಬಾಣಂತನವೇ? ತವರೂರು ಆವನಿಯಲ್ಲಿ ನಾಲ್ಕನೇ ಕ್ಲಾಸು ಓದಿದವಳು ನಾನು. ಆಷಾಢದಲ್ಲಿ ನಾನೇ ಅರ್ಜಿ ಬರೆದು ಮೇಷ್ಟ್ರ ಕೈಗಿಟ್ಟೆ. "ಒಂದು ರುಜು ಹಾಕಿ ಕೊಟ್ಬಿಟ್ಟು ಬನ್ನಿ, ಅಷ್ಟೇ."

ಅತ್ತೆ ಅಡ್ಡ ನಿಂತರು. "ಮನೆ ಕಟ್ತೀನಿ ಅಂತ ರುಜು ಹಾಕೋದೂ ಒಂದೇ, ವಾಸಕಾಲು ನಿಲ್ಲಿಸೋದೂ ಒಂದೇ ಕಣೋ. ಮಗೂಗೆ ಏನಾದ್ರೂ ಆದ್ರೆ ಇವಳು ತಂದ್ಕೊಡ್ತಾಳಾ?"

ಮೇಷ್ಟ್ರು ಅರ್ಜಿಯನ್ನು ಮಡಿಚಿ ಪಂಚಾಂಗದೊಳಗಿಟ್ಟರು.

ಶ್ರಾವಣದಲ್ಲಿ ಪರವಾನಗಿ ಮುಗಿಯಿತು. ಹದಿನೈದು ದಿನಕ್ಕೆ ಹೆಣ್ಣು ಮಗು ಹುಟ್ಟಿತು. ನಾಮಕರಣ ಮುಗಿಸಿ ಇವರು ಪುರಸಭೆಗೆ ಹೋದರೆ ಗುಮಾಸ್ತ ಚನ್ನರಾಯಪ್ಪ ಹಣೆ ಚಚ್ಚಿಕೊಂಡನಂತೆ. "ಹೋದ ತಿಂಗ್ಳು ಬಂದಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ! ಈಗ ಹೊಸದಾಗೇ ತಗೋಬೇಕು. ರಸ್ತೆ ಅಗಲ ಮಾಡ್ತಾರೆ, ಹೊಸ ಪರವಾನಗಿ ಅಂದ್ರೆ ಮುಂದೆ ಹತ್ತಡಿ ಬಿಡ್ಲೇಬೇಕು."

ನಮ್ಮ ನಿವೇಶನದ ಉದ್ದವೇ ಇಪ್ಪತ್ತೆರಡು ಅಡಿ. ಹತ್ತು ಬಿಟ್ಟರೆ ಉಳಿದದ್ದರಲ್ಲಿ ಹಸು ಕಟ್ಟಬಹುದು, ಸಂಸಾರ ಹೂಡಲಾಗದು. ಪಕ್ಕದ ನಿವೇಶನದ ಭಾರತಮ್ಮನವರು ತಮ್ಮ ಪರವಾನಗಿ ಮುಂದುವರಿಸಲು ಆಷಾಢದಲ್ಲೇ ಅರ್ಜಿ ಕೊಟ್ಟಿದ್ದರು. ಅವರ ಮನೆ ರಸ್ತೆಗೇ ಆತುಕೊಂಡು ಎದ್ದಿತು.

ತಪ್ಪು ಯಾರದು? ಅತ್ತೆಯದಲ್ಲವಂತೆ, ಮಗನದಂತೂ ಅಲ್ಲವೇ ಅಲ್ಲ. "ಮನೆಗೆ ಅಡ್ಡ ಹುಟ್ಟಿದೋಳು" ಎಂದು ಅತ್ತೆ ಮಗುವನ್ನೇ ಕರೆಯತೊಡಗಿದರು. ಯಾವ ಮಗುವನ್ನು ಕಾಪಾಡುತ್ತೇವೆಂದು ಅರ್ಜಿ ಮುಚ್ಚಿಟ್ಟರೋ ಅದೇ ಮಗುವನ್ನು!

ಮಗಳು ಕದಿರಮ್ಮನಿಗೆ ಈಗ ಆರು ವರ್ಷ. ಮೊನ್ನೆ ಒಲೆಯ ವಿಷಯಕ್ಕೆ ವಾರಗಿತ್ತಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಮೇಷ್ಟ್ರು ಸ್ಕೂಲಿನಿಂದ ಬಂದರು. ನಮ್ಮಿಬ್ಬರನ್ನೂ ಬಿಟ್ಟು ಮಗಳನ್ನು ನೋಡಿ, "ಇವಳೊಬ್ಬಳು ಹುಟ್ದೇ ಇದ್ದಿದ್ರೆ ನಮ್ಗೂ ಒಂದು ಮನೆ ಇರ್ತಿತ್ತು" ಎಂದರು. ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಅವಳು ನನ್ನ ಹಿಂದೆಯೇ ಕೋಣೆಗೆ ಬಂದು ಮೆಲ್ಲಗೆ ಕೇಳಿದಳು.

"ಅಮ್ಮಾ, ನಾನು ಯಾವಾಗ ಹುಟ್ಟಿದ್ರೆ ಸರಿಹೋಗ್ತಿತ್ತು?"