ಹನ್ನೆರಡನೆಯ ಗುಳಿ

"ಹಲ್ಲುಪುಡಿ ಹಾಕಿ ಉಜ್ಜಿದ್ರಾ?" ಪದಕವನ್ನು ಮೂಗಿನ ಹತ್ತಿರ ಹಿಡಿದು ಶ್ರೀರಂಜನಿ ಕೇಳಿದಳು. ಲವಂಗದ ವಾಸನೆ ಘಮ್ಮೆನ್ನುತ್ತಿತ್ತು.

"ಉಜ್ದೆ ತರಕ್ಕಾಯ್ತದಾ ತಾಯಿ? ಕರ್ರಗೆ ಕಾವಲಿ ತಳ ಇದ್ದಂಗಿತ್ತು," ಎಂದರು ಅಮೀನಾ ಬೀ. ಬೆಳಿಗ್ಗೆಯೇ ಗುಬ್ಬಿಯಿಂದ ಬಸ್ಸು ಹತ್ತಿ ಬಂದಿದ್ದರು. "ಒಬ್ರ ಮನೆಗೆ ತೋರ್ಸಕ್ಕೆ ತರೋವಾಗ ಚೆಂದ ಮಾಡ್ಬೇಕಲ್ವಾ?"

ಶ್ರೀರಂಜನಿ ನಿಟ್ಟುಸಿರು ಬಿಟ್ಟಳು. ಹಳೆಯ ಬೆಳ್ಳಿಪದಕಕ್ಕೆ ಬೆಲೆ ತರುವುದೇ ಆ ಕಪ್ಪು. ವರ್ಷಗಟ್ಟಲೆ ಗಾಳಿ ಕುಡಿದು ಕೂತದ್ದನ್ನು ಮನೆಮಂದಿ ಒಂದು ಬೆಳಗಿನ ಉತ್ಸಾಹದಲ್ಲಿ ತಿಕ್ಕಿ ತೆಗೆದು, ಹೊಳಪು ಬಂತೆಂದು ಹಿಗ್ಗುತ್ತಾರೆ. ತುಮಕೂರಿನಲ್ಲಿ ಹಳೇ ಪದಕ ಎಂದರೆ ಅವಳದೇ ಕೊನೆಯ ಮಾತು. ಅಸಲಿಯೋ ನಕಲಿಯೋ ಎಂದು ಅವಳು ಒಮ್ಮೆ ಹೇಳಿದ ಮೇಲೆ ಬೆಂಗಳೂರಿನ ವ್ಯಾಪಾರಿಗಳೂ ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ. ಇದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವಳಂತೆ ನಟಿಸುವ ಅಭ್ಯಾಸ ಇರಲಿಲ್ಲ.

ಹತ್ತಿಯ ಕೈಗವಸಿನ ಬೆರಳುಗಳಲ್ಲಿ ಪದಕವನ್ನು ತಿರುಗಿಸಿ ಭೂತಗನ್ನಡಿ ಹಿಡಿದಳು. ಒಂದು ಕಡೆ ಗಂಡಭೇರುಂಡ, ಇನ್ನೊಂದು ಕಡೆ ಮಹಾರಾಜರ ರಜತ ಮಹೋತ್ಸವದ ಬರಹ, ಮೇಲೆ ಕೊಂಡಿ. ಅಕ್ಷರ ನೋಡಿದಳು, ಅಂಚು ನೋಡಿದಳು, ಅಂಗೈಯಲ್ಲಿಟ್ಟು ತೂಗಿದಳು. ಅಸಲಿ.

ಅಪ್ಪ ಸುಬ್ಬಕೃಷ್ಣ ಬೀಟೆಮರದ ಪೆಟ್ಟಿಗೆಯೊಳಗೆ ನೀಲಿ ಮಖಮಲ್ಲಿನಲ್ಲಿ ಹನ್ನೆರಡು ಗುಳಿ ಮಾಡಿಸಿ, ಮಹಾರಾಜರ ಕಾಲದ ನೆನಪಿನ ಪದಕಗಳನ್ನು ಒಂದೊಂದಾಗಿ ಕೂಡಿಸುತ್ತ ಹೋದವರು. ಕೊನೆಯದೊಂದು ಗುಳಿ ಉಳಿದೇಹೋಯಿತು. ಅದಕ್ಕೆ ಸೇರಬೇಕಾದದ್ದು ಇದೇ ಪದಕ. "ಅವಸರ ಬಿದ್ದು ನಕಲಿ ತುರುಕಬೇಡ ಕಣೇ, ಅಸಲಿ ಬಂದೇ ಬರುತ್ತೆ," ಎಂದು ಮಗಳಿಗೆ ಹೇಳಿ ಅವರು ಕಣ್ಣು ಮುಚ್ಚಿದ್ದರು. ಅಪ್ಪನ ಗೆಳೆಯರಲ್ಲೊಬ್ಬರಾದ ಮಲ್ಲಿಕಾರ್ಜುನ್ ಬಂದಾಗಲೆಲ್ಲ ಅದನ್ನು "ನಿಮ್ಮ ಹಲ್ಲುದುರಿದ ಪೆಟ್ಟಿಗೆ" ಎಂದೇ ಛೇಡಿಸುತ್ತಿದ್ದರು. ಶ್ರೀರಂಜನಿ ನಗುತ್ತಿದ್ದಳು. ಬರುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

"ಅಂಚಲ್ಲೆಲ್ಲ ಸಣ್ಣ ಸಣ್ಣ ತಗ್ಗು ಬಿದ್ದಿದೆಯಲ್ಲ, ಏನಿದು?" ಎಂದಳು.

"ಹಲ್ಲಿನ ಗುರುತು ತಾಯಿ," ಎಂದರು ಅಮೀನಾ ಬೀ. "ನಮ್ ಯಜಮಾನ್ರ ತಾತ ಲಾಲ್ ಸಾಬ್ರು ಕುಣಿಗಲ್ಲಲ್ಲಿ ಮಹಾರಾಜ್ರ ಕುದುರೆ ನೋಡ್ಕೊಂತಿದ್ರು. ಅವ್ರಿಗೆ ಕೊಟ್ಟಿದ್ದು. ಆವತ್ತಿಂದ ಮನೇಲಿ ಹುಟ್ಟಿದ ಮಕ್ಳಿಗೆಲ್ಲ ಮೊದಲ್ನೇ ಹಲ್ಲು ಬರೋವಾಗ ಇದನ್ನೇ ಕಚ್ಚಕ್ಕೆ ಕೊಡೋದು. ಹಲ್ಲು ಗಟ್ಟಿಯಾಗ್ತದೆ ಅಂತ."

"ಮತ್ಯಾಕೆ ಮಾರ್ತಿದೀರಿ?"

ಅಮೀನಾ ಬೀ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಮಗಳ ಕಡೆ ಗದ್ದ ಎತ್ತಿ ತೋರಿಸಿದರು. ಅರ್ಜೂ ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ತೊಡೆಯ ಮೇಲಿನ ಹೆಣ್ಣುಕೂಸು ಜೊಲ್ಲು ಸುರಿಸುತ್ತ ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು.

"ಇವ್ಳು ಕುಣಿಗಲ್ಗೆ ತನ್ನ ಗಂಡನ ಮನೆಗೆ ಒಯ್ತೀನಿ ಅಂತಾಳೆ. ಇವಳಣ್ಣ ಮುಜಮ್ಮಿಲ್ ಹೆಂಡ್ತಿ ಬಸುರಿ, ಗಂಡ್ಮಗನ ಮನೇದು ಆಚೆ ಹೋಗಂಗಿಲ್ಲ ಅಂತಾನೆ. ಒಂದು ಬಿಲ್ಲೆಗೋಸ್ಕರ ಅಣ್ಣ ತಂಗಿ ಮಾತು ಬುಟ್ಟವ್ರೆ. ಇಬ್ರಿಗೂ ಬ್ಯಾಡ, ಮಾರ್ಬುಡ್ತೀನಿ ಅಂದೆ. ಎಲ್ಲಿಗೆ ಹೋಗ್ತದೆ ನೋಡ್ತೀನಿ ಅಂತ ಇವ್ಳೂ ಬಂದ್ಲು."

ಶ್ರೀರಂಜನಿ ಅಡ್ಡಗೋಡೆಯ ಮೇಲೆ ದೀಪ ಇಡುವವಳಲ್ಲ. "ನೋಡಿ, ಉಜ್ಜಿದ್ದಕ್ಕೆ ಬೆಲೆ ಬಿತ್ತು. ಹಲ್ಲಿನ ಗುರುತಿಗೆ ಇನ್ನೂ ಬಿತ್ತು. ಬೇರೆಯವರು ಕೇಳಿದ್ರೆ ಅರ್ಧ ಬೆಲೇನೂ ಕೊಡಲ್ಲ. ಆದ್ರೆ ಇದು ನಂಗೆ ಬೇಕೇ ಬೇಕು. ಅದಕ್ಕೆ ಪೂರ್ತಿ ಬೆಲೆ ಕೊಡ್ತೀನಿ."

"ನೀವು ಹೇಳಿದ್ದೇ ಸರಿ ಬುಡಿ," ಎಂದರು ಅಮೀನಾ ಬೀ. ಮಾತು ಮುಗಿಯಿತು.

ಶ್ರೀರಂಜನಿ ಪೆಟ್ಟಿಗೆ ತಂದು ತೆರೆದು, ಪದಕವನ್ನು ಹನ್ನೆರಡನೆಯ ಗುಳಿಗೆ ಇಳಿಸಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಗೋಡೆಯ ಮೇಲಿನ ಅಪ್ಪನ ಫೋಟೋದ ಕಡೆ ನೋಡಿದಳು. ಇಷ್ಟು ಖುಷಿಯಾಗಿ ಯಾವ ಕಾಲವಾಗಿತ್ತೋ.

"ಒಂದ್ಸಲ ನಾನೂ ನೋಡ್ಲಾ?" ಅರ್ಜೂ ಮೊದಲ ಸಲ ಬಾಯಿ ತೆರೆದಳು.

ಶ್ರೀರಂಜನಿ ಭೂತಗನ್ನಡಿ ಕೊಟ್ಟಳು. ಅರ್ಜೂ ಪೆಟ್ಟಿಗೆಯ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. "ಈ ರೆಕ್ಕೆ ಹತ್ರ ಚಿಕ್ಕದಾಗಿರೋದು ಯಾರ್ದಮ್ಮ?"

"ನಿಂದೇ. ಆ ಕೊಂಡಿ ಹತ್ರ ಆಳವಾಗಿರೋದು ನಿಮ್ಮಣ್ಣಂದು. ಎಮ್ಮೆಕರು ಥರ ಅಗೀತಿದ್ದ."

ಅರ್ಜೂಗೆ ತಡೆಯಲಾಗದೆ ನಗು ಬಂತು. ಅಷ್ಟರಲ್ಲಿ ಕೂಸು ಹೊಳೆಯುವ ಬಿಲ್ಲೆಯ ಕಡೆಗೆ ಬಾಯಿ ತೆರೆದುಕೊಂಡು ಮುಂದಕ್ಕೆ ವಾಲಿತು. ಕೆಳ ವಸಡು ಕೆಂಪಗೆ ಊದಿತ್ತು, ನಡುವೆ ಅಕ್ಕಿನುಚ್ಚಿನಷ್ಟು ಬಿಳಿ ಕಾಣುತ್ತಿತ್ತು. ಅರ್ಜೂ ಮಗುವಿನ ಮುಖವನ್ನು ಮೆಲ್ಲಗೆ ತನ್ನ ಭುಜಕ್ಕೆ ತಿರುಗಿಸಿಕೊಂಡಳು.

"ಬ್ಯಾಡ ಕಂದ. ಅದೀಗ ಅವ್ರದು."

ಕೊಂಕಿಲ್ಲದೆ ಆಡಿದ ಮಾತು. ಅದಕ್ಕೇ ಶ್ರೀರಂಜನಿಗೆ ಸಂಕಟವಾಯಿತು. ಲಾಲ್ ಸಾಬರ ಮನೆಯಲ್ಲಿ ಹುಟ್ಟಿದವರೆಲ್ಲರ ಗುರುತೂ ಆ ಅಂಚಿನ ಮೇಲಿತ್ತು. ತನ್ನ ಗುಳಿ ತುಂಬಿಕೊಳ್ಳಲಿ ಎಂದು ಈ ಒಂದು ಬಾಯಿಯನ್ನು ಅವಳು ಬರಿದಾಗಿ ಕಳಿಸಬೇಕು. ಅಪ್ಪ ಬೇಡವೆಂದದ್ದು ನಕಲಿಯನ್ನು. ಇದಕ್ಕೆ ಏನು ಹೇಳುತ್ತಿದ್ದರೋ ತಿಳಿಯಲಿಲ್ಲ. ಕೇಳಲು ಅವರೂ ಇರಲಿಲ್ಲ. ತೀರ್ಮಾನ ಹೇಳಿ ಅವಳಿಗೆ ಅಭ್ಯಾಸವಿತ್ತು.

ಕೈಗವಸು ಕಳಚಿ ಮೇಜಿನ ಮೇಲಿಟ್ಟಳು. ಬರಿಗೈಯಲ್ಲಿ ಪದಕ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಹಲ್ಲುಪುಡಿಯ ವಾಸನೆ ಹೋಗುವವರೆಗೂ ಬಿಸಿನೀರಿನಲ್ಲಿ ತೊಳೆದು, ತಣ್ಣಗಾದ ಮೇಲೆ ತಂದು ಮಗುವಿನ ಬಾಯಿಗೆ ಹಿಡಿದಳು. ಕೂಸು ಎರಡೂ ಕೈಯಲ್ಲಿ ಗಬಕ್ಕನೆ ಹಿಡಿದು ಗಂಡಭೇರುಂಡದ ಒಂದು ತಲೆಯನ್ನು ಕಚ್ಚಿತು.

"ಈ ಮೊದಲ್ನೇ ಹಲ್ಲು ಪೂರ್ತಿ ಬರೋವರ್ಗೂ ಇಟ್ಕೊಳ್ಳಿ," ಎಂದಳು. "ಆಮೇಲೆ ತಂದಿಡಿ. ಮುಜಮ್ಮಿಲ್ ಮಗೂಗೆ ಹಲ್ಲು ಬರೋವಾಗ ಅವರೂ ಇಲ್ಲಿಂದ್ಲೇ ತಗೊಂಡು ಹೋಗ್ಲಿ."

"ಹಂಗಾದ್ರೆ ಇದು ಯಾರ್ದಾಯ್ತು?" ಅಮೀನಾ ಬೀ ಕಣ್ಣು ಕಿರಿದು ಮಾಡಿದರು.

"ಇಡೋದು ನಂದು, ಕಚ್ಚೋದು ನಿಮ್ದು. ಮಾರೋದೂ ಬೇಡ, ದುಡ್ಡಿನ ಮಾತೂ ಬೇಡ. ಆದ್ರೆ ಇನ್ಮೇಲೆ ಯಾರೂ ಉಜ್ಜಂಗಿಲ್ಲ."

ಮುದುಕಿ ಯೋಚಿಸಿದರು. ಮಗನೂ ಮಗಳೂ ಒಬ್ಬರನ್ನೊಬ್ಬರು ಕೇಳಬೇಕಾಗಿಲ್ಲ, ಇಬ್ಬರೂ ತುಮಕೂರಿಗೆ ಬಂದು ಕೇಳಬೇಕು. "ಇದು ನ್ಯಾಯ ಬುಡಿ," ಎಂದರು. ಅರ್ಜೂ ಜೊಲ್ಲಿನಲ್ಲಿ ನೆಂದ ಮಗುವಿನ ಗಲ್ಲವನ್ನು ಸೆರಗಿನಿಂದ ಒರೆಸುತ್ತ ಹೋದಳು.

ಮಾರನೆಯ ವರ್ಷ ದಸರೆಗೆ ಮುಂಚೆ ಮಲ್ಲಿಕಾರ್ಜುನ್ ಬಂದರು. "ಹನ್ನೆರಡನೇದು ಸಿಕ್ತಂತೆ, ತೋರ್ಸಿ ಮೇಡಂ," ಎಂದು ಚಪ್ಪಲಿ ಬಿಡುವ ಮೊದಲೇ ಕೇಳಿದರು. ಶ್ರೀರಂಜನಿ ಪೆಟ್ಟಿಗೆ ತೆರೆದು ಅವರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ, ಗುಳಿ ನೋಡಿ, ಅವಳನ್ನು ನೋಡಿದರು.

"ಎಲ್ರೀ? ಖಾಲಿ ಇದೆ."

"ಗುಬ್ಬೀಲಿದೆ," ಎಂದಳು ಶ್ರೀರಂಜನಿ. "ಮುಜಮ್ಮಿಲ್ ಮಗೂಗೆ ಹಲ್ಲು ಬರ್ತಿದೆ."

ಅವರು ಕನ್ನಡಕ ಇಳಿಸಿದರು. ಅವಳು ಬಾಗಿ ಗುಳಿಯೊಳಗೆ ಕೂತಿದ್ದ ದೂಳನ್ನು ಊದಿದಳು. ನೀಲಿ ಮಖಮಲ್ಲಿನ ಮೇಲ್ಗಡೆ, ಅರ್ಜೂ ತಂದಿಟ್ಟ ಮೇಲೆ ತಿಂಗಳುಗಟ್ಟಲೆ ಕೊಂಡಿ ಒರಗಿದ್ದಲ್ಲಿ, ಒಂದು ಸಣ್ಣ ತಗ್ಗು ಬಿದ್ದಿತ್ತು.